ಬಟನ್ ಇದೆ ಅಂದ್ರೆ ಟೈರ್ ಚೆನ್ನಾಗಿದೆ ಅಂತಲ್ಲ

2025ರ ಜೂನ್ ಕೊನೆಯ ವಾರ. ಮಂಗಳೂರಿನಲ್ಲಿ ಸಂಬಂಧಿಕರ ಮದುವೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ನಾನು ಓಡಿಸ್ತಾ ಇದ್ದೆ, ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ ಮತ್ತು ನನ್ನ ನಾಲ್ಕು ವರ್ಷದ ಮಗಳು. ಮಳೆ ಜೋರೇನೂ ಇರಲಿಲ್ಲ, ಬಿಟ್ಟುಬಿಟ್ಟು ಹನಿಯುತ್ತಿತ್ತು. ಒಂದು ಎಡತಿರುವಿನಲ್ಲಿ ಮುಂದಿದ್ದ ಲಾರಿ ನಿಧಾನವಾಯ್ತು ಅಂತ ಬ್ರೇಕ್ ಒತ್ತಿದೆ. ಕಾರಿನ ಮೂತಿ ನಾನು ಹೇಳಿದ ಕಡೆಗೇ ಹೋಯಿತು, ಹಿಂಭಾಗ ಮಾತ್ರ ಅದರ ಇಷ್ಟ ಬಂದ ಕಡೆಗೆ. ವೇಗ ಐವತ್ತೂ ಇರಲಿಲ್ಲ. ಕಾರು ಅಡ್ಡಡ್ಡ ತಿರುಗಿ ರಸ್ತೆ ಮಧ್ಯದಲ್ಲಿ ನಿಂತಿತು. ಎದುರಿನಿಂದ ಆ ಕ್ಷಣದಲ್ಲಿ ಯಾವುದೂ ಬರಲಿಲ್ಲ. ನಾವು ಮದುವೆ ಊಟ ಮಾಡಿ ವಾಪಸ್ ಬಂದಿದ್ದಕ್ಕೆ ಕಾರಣ ಅಷ್ಟೇ.

ಗುಂಡ್ಯದಲ್ಲಿ ನಿಲ್ಲಿಸಿ ಕಾಫಿ ಕುಡಿಯುವಾಗ ಅಪ್ಪ ಟೈರ್ ಸುತ್ತ ಬಗ್ಗಿ ನೋಡಿದರು. "ಬಟನ್ ಚೆನ್ನಾಗೇ ಇದ್ಯಲ್ಲ ಕಣೇ, ಹೇಗೆ ಜಾರ್ತು?" ಅಂದ್ರು. ಅವರು ಹೇಳಿದ್ದು ನಿಜ. ಆಮೇಲೆ ಅಳೆದು ನೋಡಿದಾಗ ಗಾಡಿಯ ಆಳ ನಾಲ್ಕು ಮಿಲಿಮೀಟರ್ ಹತ್ತಿರ ಇತ್ತು. ಕಾನೂನು ಕೇಳೋದು ಬರೀ 1.6. ಕಾರು ಅಪ್ಪನದು, 2016ರ ಕೊನೆಯಲ್ಲಿ ಕೊಂಡ ಸ್ವಿಫ್ಟ್. ಹಾಸನದ ಮನೆಯ ಮುಂದೆ ನಿಂತಿದ್ದೇ ಹೆಚ್ಚು. ಒಟ್ಟು ಓಡಿದ್ದು 38 ಸಾವಿರ ಕಿಲೋಮೀಟರ್. ಬಿಸಿಲಿಗೆ ನಿಂತ ಆ ಕಾರನ್ನು ನೋಡಿ "ಹೊಸದರ ಹಾಗೇ ಇದೆ" ಅಂತ ನೆಂಟರೆಲ್ಲ ಹೊಗಳಿದ್ದಾರೆ.

ಟೈರಿನ ಪಕ್ಕದ ಗೋಡೆಯ ಮೇಲೆ ಒಂದು ಉದ್ದನೆಯ ಕೋಡ್ ಇರುತ್ತೆ. ಅದರ ಕೊನೆಯ ನಾಲ್ಕು ಅಂಕಿ ಮಾತ್ರ ನಮಗೆ ಬೇಕಾದ್ದು. ನಮ್ಮದರಲ್ಲಿ 3116 ಅಂತಿತ್ತು: 2016ನೇ ಇಸವಿಯ 31ನೇ ವಾರ, ಅಂದ್ರೆ ಆಗಸ್ಟ್ ಶುರು. ನನ್ನ ಮಗಳಿಗಿಂತ ನಮ್ಮ ಟೈರ್‌ಗಳಿಗೆ ಎರಡು ಪಟ್ಟು ವಯಸ್ಸು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ರಬ್ಬರ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಆ ನಾಲ್ಕು ಅಂಕಿ ನೋಡೋಕೆ ಒಂದು ಸಲವೂ ಬಗ್ಗಿರಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೀತಿದ್ದೀನಿ.

ಟೈರ್ ಎರಡು ರೀತಿಯಲ್ಲಿ ಹಳೆಯದಾಗುತ್ತೆ. ಒಂದು ಸವೆಯೋದು, ಅದು ಕಣ್ಣಿಗೆ ಕಾಣುತ್ತೆ. ಇನ್ನೊಂದು ರಬ್ಬರ್ ಗಟ್ಟಿಯಾಗೋದು, ಅದು ಕಾಣಲ್ಲ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಇವೆಲ್ಲ ಸೇರಿ ರಬ್ಬರಿನ ಮೃದುತ್ವವನ್ನು ನಿಧಾನಕ್ಕೆ ತಿಂದುಹಾಕುತ್ತವೆ. ಇದನ್ನು ತಡೆಯೋಕೆ ಕಂಪನಿಯವರು ರಬ್ಬರಿನೊಳಗೆ ಮೇಣದಂಥ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರ್ ಉರುಳುತ್ತಾ, ಬಾಗುತ್ತಾ ಇದ್ದರೆ ಅವು ಮೇಲ್ಮೈಗೆ ಬಂದು ಕಾಪಾಡುತ್ತವೆ. ನಿಂತೇ ಇರೋ ಕಾರಿನಲ್ಲಿ ಆ ಕೆಲಸ ಸರಿಯಾಗಿ ಆಗೋದಿಲ್ಲ. ಹಾಗಾಗಿ ಕಡಿಮೆ ಓಡಿದ ಕಾರಿನ ಟೈರ್ ಚೆನ್ನಾಗಿರುತ್ತೆ ಅನ್ನೋ ನಮ್ಮ ನಂಬಿಕೆ ತಲೆಕೆಳಗು. ನಿವೃತ್ತರ ಮನೆಯ ಕಾರು, ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರು, ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗೋ ಕಾರು, ಇವುಗಳ ಟೈರ್ ಮೇಲೆ ಹೆಚ್ಚು ಅನುಮಾನ ಇರಬೇಕು. ಐದು ವರ್ಷ ಆದಮೇಲೆ ಪ್ರತಿ ವರ್ಷ ಗೊತ್ತಿರೋರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ಬಿಸಾಕಿ ಅಂತ ಕೆಲವು ಟೈರ್ ಕಂಪನಿಗಳೇ ಹೇಳುತ್ತವೆ. ಆರು ವರ್ಷಕ್ಕೇ ಬದಲಿಸಿ ಅನ್ನೋ ಕಾರು ಕಂಪನಿಗಳೂ ಇವೆ. ನಮ್ಮ ಬಿಸಿಲಿಗೆ ನಾನು ಆರು ಅಂತ ಇಟ್ಟುಕೊಂಡಿದ್ದೀನಿ.

ಸವೆತದ ಮಾತಿಗೂ ಒಂದು ತಿದ್ದುಪಡಿ ಬೇಕು. ಗಾಡಿಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತೆ, ಬಟನ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ 1.6 ಮಿಮೀ ಉಳಿದಿದೆ ಅಂತ ಅರ್ಥ. ಅದು ಕಾನೂನಿನ ಕೊನೆಯ ಗಡಿ, ಸುರಕ್ಷತೆಯ ಗಡಿ ಅಲ್ಲ. ಗಾಡಿಗಳು ಇರೋದು ನೀರನ್ನು ಪಕ್ಕಕ್ಕೆ ತಳ್ಳೋಕೆ. ಒಣ ರಸ್ತೆಯಲ್ಲಿ ಸವೆದ ಟೈರ್ ಏನೂ ಗೊತ್ತುಮಾಡದೆ ಓಡುತ್ತೆ, ಮೊದಲ ಮಳೆಗೆ ಬಣ್ಣ ಬಯಲಾಗುತ್ತೆ. ಮಲೆನಾಡು, ಕರಾವಳಿಯಲ್ಲಿ ಇರೋರು, ಆ ಕಡೆ ಓಡಾಡೋರು 3 ಮಿಮೀಗೇ ಕೊನೆ ಅಂದ್ಕೊಳ್ಳೋದು ಒಳ್ಳೇದು.

ಇಲ್ಲಿ ಗಾಳಿಯ ಒತ್ತಡದ ಪಾತ್ರವೂ ಇದೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳು ನೀರು ನಿಂತ ರನ್‌ವೇ ಮೇಲೆ ತೇಲೋದನ್ನು ಅಧ್ಯಯನ ಮಾಡಿ ಒಂದು ಸೂತ್ರ ಕೊಟ್ಟರು. ಟೈರಿನ ಒತ್ತಡದ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ, ಗಂಟೆಗೆ ಎಷ್ಟು ಕಿಲೋಮೀಟರ್ ವೇಗದಲ್ಲಿ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತೆ ಅಂತ ಗೊತ್ತಾಗುತ್ತೆ. 32 ಪಿಎಸ್‌ಐ ಇದ್ದರೆ 94. ಗಾಳಿ ಹೊಡೆಸದೆ 22ಕ್ಕೆ ಇಳಿದಿದ್ದರೆ 78. ಕಾರಿಗೆ ಇದು ಅಕ್ಷರಶಃ ಅನ್ವಯಿಸೋದಿಲ್ಲ, ಒಳ್ಳೆ ಗಾಡಿಗಳಿದ್ದರೆ ಮಿತಿ ಮೇಲೇರುತ್ತೆ. ಆದರೂ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗಮಿತಿ 100 ಅನ್ನೋದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ನೋಡಿ. ಎಷ್ಟು ಗಾಳಿ ಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಾಣೋ ಸ್ಟಿಕ್ಕರಿನಲ್ಲಿ ಇರುತ್ತೆ. ತುಂಬಿದ ಕಾರಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಬಂಕಿನ ಹುಡುಗ "ಎಷ್ಟು ಹೊಡೀಲಿ?" ಅಂದಾಗ "ಎಷ್ಟಿರುತ್ತೋ ಅಷ್ಟು" ಅನ್ನೋರೇ ನಮ್ಮಲ್ಲಿ ಜಾಸ್ತಿ. ನೈಟ್ರೋಜನ್‌ಗೆ ದುಡ್ಡು ಕೊಡೋರಿಗೆ ಒಂದು ಮಾತು: ನೀವು ಉಸಿರಾಡೋ ಗಾಳಿಯಲ್ಲೇ 78% ನೈಟ್ರೋಜನ್ ಇದೆ.

ಮುಂದಿನ ಶನಿವಾರ ಬೆಂಗಳೂರಿನ ಒಂದು ಟೈರ್ ಅಂಗಡಿಗೆ ಹೋದೆ. ಮೊದಲ ಪ್ರಶ್ನೆ, "ಸಾರ್ ಬಂದಿಲ್ವಾ ಮೇಡಂ?" ಎರಡನೆಯದು, "ಬಜೆಟ್ ಎಷ್ಟು?" ಅಳತೆ ಏನು ಅನ್ನೋದು ಮೂರನೇ ಪ್ರಶ್ನೆಯೂ ಆಗಿರಲಿಲ್ಲ.

ನಮ್ಮ ಕಾರಿನ ಟೈರಿನ ಮೇಲೆ 165/80 ಆರ್14 85ಟಿ ಅಂತಿದೆ. 165 ಅನ್ನೋದು ಮಿಲಿಮೀಟರಿನಲ್ಲಿ ಅಗಲ. 80 ಅನ್ನೋದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 80, ಅಂದ್ರೆ 132 ಮಿಮೀ. ಆರ್ ಅಂದ್ರೆ ರೇಡಿಯಲ್. 14 ಅನ್ನೋದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾವಾರು, ಇಂಚು ಮೂರನ್ನೂ ಯಾರು ತುರುಕಿದರೋ! 85 ಅಂದ್ರೆ ಒಂದು ಟೈರ್ ಹೊರಬಲ್ಲ ಭಾರ 515 ಕೆಜಿ. ಟಿ ಅಂದ್ರೆ ಗಂಟೆಗೆ 190 ಕಿಮೀ ವೇಗ ತಡೆಯುತ್ತೆ ಅಂತ. ಭಾರ, ವೇಗ ಈ ಎರಡರಲ್ಲೂ ಕಾರು ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ, ಮೇಲೆ ಹೋದರೆ ತೊಂದರೆ ಇಲ್ಲ.

ಅಂಗಡಿಯವರು ಮೊದಲು ತೋರಿಸಿದ್ದು 165/70 ಆರ್14. "ಇದೇ ಆಗುತ್ತೆ ಮೇಡಂ, ಅದೇ ಹದಿನಾಲ್ಕು, ಆಫರ್ ಬೇರೆ ಇದೆ." ಫೋನ್ ತೆಗೆದು ಲೆಕ್ಕ ಹಾಕಿದೆ. ನಮ್ಮ ಟೈರಿನ ಒಟ್ಟು ವ್ಯಾಸ ಸುಮಾರು 620 ಮಿಮೀ. ಅವರು ತೋರಿಸಿದ್ದರದು 587. ಶೇಕಡಾ 5ಕ್ಕೂ ಹೆಚ್ಚು ಚಿಕ್ಕದು. ಅದನ್ನು ಹಾಕಿದರೆ ಕಾರು ನೆಲಕ್ಕೆ ಹದಿನಾರು ಮಿಮೀ ಹತ್ತಿರವಾಗುತ್ತೆ, ಮೀಟರ್ ತೋರಿಸೋ ವೇಗ ತಪ್ಪಾಗುತ್ತೆ, ಓಡೋಮೀಟರ್ ಓಡದ ದೂರವನ್ನೂ ಎಣಿಸುತ್ತೆ. ಅದಕ್ಕಿಂತ ಮುಖ್ಯವಾಗಿ, ಅದರ ಭಾರದ ಸಂಖ್ಯೆ 81. ಒಂದು ಟೈರಿಗೆ 462 ಕೆಜಿ. ಪ್ರತಿ ಚಕ್ರದಲ್ಲೂ ಒಬ್ಬ ಮನುಷ್ಯನ ತೂಕದಷ್ಟು ಸಾಮರ್ಥ್ಯ ಕಳಕೊಂಡ ಹಾಗೆ.

ಕಂಪನಿಯವರೇ ಈ ಲೆಕ್ಕವನ್ನು ಎಷ್ಟು ಗಂಭೀರವಾಗಿ ತಗೋತಾರೆ ನೋಡಿ. ಆ ಕಾಲದ ಸ್ವಿಫ್ಟ್‌ನ ದುಬಾರಿ ಮಾದರಿಗೆ 185/65 ಆರ್15 ಟೈರ್ ಬರುತ್ತಿತ್ತು. ರಿಮ್ ಒಂದು ಇಂಚು ದೊಡ್ಡದು, ಟೈರ್ 20 ಮಿಮೀ ಅಗಲ, ಆದರೆ ಒಟ್ಟು ವ್ಯಾಸ 621.5. ನಮ್ಮದಕ್ಕೂ ಅದಕ್ಕೂ ಬರೀ ಎರಡು ಮಿಲಿಮೀಟರ್ ವ್ಯತ್ಯಾಸ. ಅಗಲ ಹೆಚ್ಚಿಸಬೇಕು ಅನ್ನೋ ಆಸೆ ಇರೋರು ಮೊದಲು ಈ ಒಟ್ಟು ವ್ಯಾಸ ನೋಡಬೇಕು, ಶೇಕಡಾ 2-3ಕ್ಕಿಂತ ಆಚೀಚೆ ಹೋಗಬಾರದು. ಹಾಗೆ ನೋಡಿದರೆ ಅಗಲದ ಟೈರ್ ಎಲ್ಲದಕ್ಕೂ ಒಳ್ಳೆಯದು ಅನ್ನೋದೂ ಸುಳ್ಳು. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ತೇಲೋ ಸಾಧ್ಯತೆ ಹೆಚ್ಚು, ಮೈಲೇಜೂ ಸ್ವಲ್ಪ ಕಡಿಮೆಯಾಗುತ್ತೆ. ನಾನು ಹಳೇ ಅಳತೆಯನ್ನೇ ಕೇಳಿದೆ.

ಅಳತೆ ಒಪ್ಪಿದಮೇಲೆ ಆಯ್ಕೆಯ ಕಷ್ಟ ಶುರು. ಎರಡು ಟೈರ್ ಮುಂದಿಟ್ಟರು. ಒಂದಕ್ಕೆ "ಮೈಲೇಜ್ ಜಾಸ್ತಿ, ತುಂಬಾ ಬಾಳಿಕೆ ಬರುತ್ತೆ," ಇನ್ನೊಂದಕ್ಕೆ "ಗ್ರಿಪ್ ಸೂಪರ್". ಈ ಎರಡು ಮಾತುಗಳ ಹಿಂದೆ ನಿಜವಾದ ಎಂಜಿನಿಯರಿಂಗ್ ಜಗಳ ಇದೆ. ಟೈರ್ ಉರುಳುವಾಗ ರಬ್ಬರ್ ಬಾಗಿ ಮತ್ತೆ ನೇರವಾಗುತ್ತೆ. ಪ್ರತಿ ಸಲವೂ ಸ್ವಲ್ಪ ಶಕ್ತಿ ಬಿಸಿಯಾಗಿ ನಷ್ಟವಾಗುತ್ತೆ. ಈ ನಷ್ಟ ಕಡಿಮೆ ಆದರೆ ಪೆಟ್ರೋಲ್ ಉಳಿಯುತ್ತೆ. ಆದರೆ ರಸ್ತೆಯ ಸಣ್ಣ ತರಿಗಳಿಗೆ ರಬ್ಬರ್ ಅಂಟಿಕೊಂಡು ಹಿಡಿತ ಕೊಡೋದೂ ಇದೇ ಶಕ್ತಿನಷ್ಟದ ಗುಣದಿಂದಲೇ. ಒಂದನ್ನು ಇಳಿಸಿದರೆ ಇನ್ನೊಂದೂ ಇಳಿಯುತ್ತೆ. ಬಹಳ ಕಾಲ ಇದಕ್ಕೆ ದಾರಿ ಇರಲಿಲ್ಲ. 1990ರ ದಶಕದ ಶುರುವಿನಲ್ಲಿ ಮಿಷೆಲಿನ್ ಕಂಪನಿ ಕಪ್ಪು ಇಂಗಾಲದ ಪುಡಿಯ ಬಹುಪಾಲನ್ನು ತೆಗೆದು ಸಿಲಿಕಾ ಬೆರೆಸಿದ ಟೈರ್ ತಂದಿತು. ಚಕ್ರ ಉರುಳೋ ನಿಧಾನದ ಬಾಗುವಿಕೆಯಲ್ಲಿ ಕಡಿಮೆ ನಷ್ಟ, ತರಿಗಳಿಗೆ ತಾಗುವಾಗಿನ ಅತಿವೇಗದ ಅದುರುವಿಕೆಯಲ್ಲಿ ಹೆಚ್ಚು ನಷ್ಟ. ಎರಡೂ ಬೇಕು ಅನ್ನೋರಿಗೆ ಅದು ಉತ್ತರ. ಆದರೆ ಅದಕ್ಕೆ ಖರ್ಚು ಜಾಸ್ತಿ. ಅಗ್ಗದ ಟೈರಿನಲ್ಲಿ ಇವತ್ತಿಗೂ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗುತ್ತೆ.

ಯಾವುದನ್ನು ಬಿಟ್ಟುಕೊಟ್ಟಿದ್ದಾರೆ ಅಂತ ಗ್ರಾಹಕರಿಗೆ ಗೊತ್ತಾಗೋದು ಹೇಗೆ? ನನ್ನ ತಕರಾರು ಇರೋದು ಇಲ್ಲೇ. ಒದ್ದೆ ರಸ್ತೆಯ ಹಿಡಿತ, ಉರುಳುವಿಕೆಯ ನಷ್ಟ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟ ನಿಗದಿ ಮಾಡಿ ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿತು. ಎಐಎಸ್-142 ಅನ್ನೋ ಮಾನದಂಡ. ಒಳ್ಳೆಯ ಕೆಲಸ. ಆದರೆ ಅದು ಪಾಸ್-ಫೇಲ್ ಪರೀಕ್ಷೆ. ಮೂವತ್ತೈದು ಅಂಕ ತೆಗೆದವನೂ ಪಾಸ್, ತೊಂಬತ್ತು ತೆಗೆದವನೂ ಪಾಸ್, ಅಂಕಪಟ್ಟಿ ಮಾತ್ರ ನಮಗೆ ಕೊಡೋದಿಲ್ಲ. ಇನ್ನೊಂದು ಕಡೆ ಇಂಧನ ದಕ್ಷತೆಯ ಬ್ಯೂರೋದ ಸ್ಟಾರ್ ಲೇಬಲ್ ಇದೆ, ಫ್ರಿಜ್ ಮೇಲೆ ಇರುತ್ತಲ್ಲ, ಅದೇ ಮನೆಯದು. ಟೈರಿಗೂ ಸ್ವಯಂಪ್ರೇರಿತವಾಗಿ ಕೊಡುತ್ತಾರೆ. ಐದು ಸ್ಟಾರ್ ನೋಡಿದ ಯಾರಿಗಾದರೂ ಇದು ಎಲ್ಲದರಲ್ಲೂ ಉತ್ತಮ ಅನ್ನಿಸುತ್ತೆ. ಆದರೆ ಆ ಸ್ಟಾರ್ ಅಳೆಯೋದು ಇಂಧನ ಉಳಿತಾಯವನ್ನು, ಮಳೆಯಲ್ಲಿ ಬ್ರೇಕ್ ಹಾಕಿದರೆ ಎಷ್ಟು ದೂರಕ್ಕೆ ನಿಲ್ಲುತ್ತೆ ಅನ್ನೋದನ್ನಲ್ಲ. ಯೂರೋಪಿನಲ್ಲಿ ಮಾರೋ ಪ್ರತಿ ಕಾರ್ ಟೈರ್ ಮೇಲೆ ಒದ್ದೆ ಹಿಡಿತಕ್ಕೆ ಎ ಇಂದ ಇ ವರೆಗಿನ ಅಕ್ಷರ ಅಂಟಿಸಲೇಬೇಕು. ಅಲ್ಲಿಗೆ ಮಾರೋ ಭಾರತದ ಕಂಪನಿಗಳೂ ಅಂಟಿಸುತ್ತವೆ. ಅಂದ್ರೆ ಅಳೆಯೋಕೆ ಬರುತ್ತೆ, ಅಂಕವೂ ಇದೆ, ಆಗುಂಬೆ-ಚಾರ್ಮಾಡಿ ಇಳಿಯೋರಿಗೆ ಮಾತ್ರ ಅದು ಕಾಣೋದಿಲ್ಲ.

ಅಂಕಪಟ್ಟಿ ಸಿಗೋವರೆಗೆ ನಾನು ಮಾಡಿದ್ದು ಇಷ್ಟು. ಘಾಟಿಯಲ್ಲಿ ಓಡಾಡೋ ಕುಟುಂಬ ನಮ್ಮದು, ವರ್ಷಕ್ಕೆ ಆರೇಳು ಸಾವಿರ ಕಿಮೀ ಓಡಿದರೆ ಹೆಚ್ಚು. 60 ಸಾವಿರ ಕಿಮೀ ಬಾಳಿಕೆ ಅನ್ನೋ ಟೈರ್ ನಮಗೆ ವ್ಯರ್ಥ, ಸವೆಯೋ ಮೊದಲೇ ಮುದಿಯಾಗುತ್ತೆ. ಹಾಗಾಗಿ ಮೃದುವಾದ, ಮಳೆಗೆ ಹೆಸರಾದ, ಬೇಗ ಸವೆದರೂ ಪರವಾಗಿಲ್ಲ ಅನ್ನೋ ಟೈರ್ ಆರಿಸಿದೆ. ದಿನಕ್ಕೆ ಇನ್ನೂರು ಕಿಮೀ ಓಡೋ ಕ್ಯಾಬ್ ಚಾಲಕರ ಲೆಕ್ಕ ಬೇರೆ, ಅವರಿಗೆ ಬಾಳಿಕೆಯೇ ಹೊಟ್ಟೆಪಾಡು.

ಆರಿಸಿದಮೇಲೆ ನಾಲ್ಕೂ ಟೈರಿನ ತಾರೀಖು ನೋಡಿದೆ. ಮೂರು ಹೊಸವು. ನಾಲ್ಕನೆಯದು ಎರಡು ವರ್ಷ ಹಿಂದಿನದು. "ಗೋಡೌನಲ್ಲೇ ಇತ್ತು ಮೇಡಂ, ಏನೂ ಆಗಲ್ಲ" ಅಂದರು. ಬದಲಿಸಿ ಕೊಡಿ ಅಂದೆ, ಅರ್ಧ ಗಂಟೆ ಕಾಯಿಸಿ ಬೇರೆ ಅಂಗಡಿಯಿಂದ ತರಿಸಿಕೊಟ್ಟರು. ಮೂರಕ್ಕೆ ಒಂದು ಫ್ರೀ ಅನ್ನೋ ಆಫರ್ ಇದ್ದಾಗ ಈ ಕೆಲಸ ತಪ್ಪದೇ ಮಾಡಿ. ಐಎಸ್‌ಐ ಗುರುತು ಇದೆಯಾ ನೋಡಿ, ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ನಾಳೆ ವಾರಂಟಿ ಕೇಳುವಾಗ ಬೇಕಾಗುತ್ತೆ. ಟೈರಿನ ಮೇಲೆ ಹೊರಬದಿ ಅಂತಲೋ, ತಿರುಗೋ ದಿಕ್ಕಿನ ಬಾಣವೋ ಇದ್ದರೆ ಕೂರಿಸುವಾಗ ಪಕ್ಕದಲ್ಲೇ ನಿಂತಿರಿ.

ಬೆಲೆ ಬಗ್ಗೆ. ನಾನು ಕೊಂಡಾಗ ಟೈರಿಗೆ ಜಿಎಸ್‌ಟಿ 28% ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18% ಆಯಿತು. ಅದೇ ಮೂಲಬೆಲೆ ಇದ್ದರೆ 5,000 ರೂಪಾಯಿಯ ಟೈರ್ ಸುಮಾರು 4,610ಕ್ಕೆ ಸಿಗಬೇಕು. ಸಿಗುತ್ತಿದೆಯಾ ಅಂತ ಹಳೇ ಬಿಲ್ ಇದ್ದರೆ ಹೋಲಿಸಿ ನೋಡಿ. ಅನುಮಾನ ಪಡೋಕೆ ಕಾರಣ ಇಲ್ಲದೇ ಇಲ್ಲ. ಲಾರಿ-ಬಸ್ಸಿನ ಟೈರ್ ಬೆಲೆಯನ್ನು ಒಳಗೊಳಗೇ ಮಾತಾಡಿಕೊಂಡು ಏರಿಸಿದರು ಅಂತ ಸ್ಪರ್ಧಾ ಆಯೋಗ ಐದು ದೊಡ್ಡ ಕಂಪನಿಗಳಿಗೆ 1,788 ಕೋಟಿಗೂ ಹೆಚ್ಚು ದಂಡ ಹಾಕಿದ ಆದೇಶ 2022ರ ಫೆಬ್ರವರಿಯಲ್ಲಿ ಹೊರಬಂತು. ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿತು, ಹಾಗಾಗಿ ಸಾಬೀತಾದ ತಪ್ಪು ಅನ್ನೋ ಹಾಗಿಲ್ಲ. ಅತ್ತ 2020ರ ಜೂನ್‌ನಿಂದ ಹೊರದೇಶದ ಟೈರ್ ಆಮದಿಗೆ ನಿರ್ಬಂಧ ಇದೆ. ಸ್ಥಳೀಯ ತಯಾರಿಕೆಗೆ ಅದರಿಂದ ಅನುಕೂಲ ಆಗಿರಬಹುದು, ಅಂಗಡಿಯಲ್ಲಿ ನಿಂತವರಿಗೆ ಆಯ್ಕೆ ಕಡಿಮೆಯಾಗಿದೆ.

ನಾಲ್ಕೂ ಒಟ್ಟಿಗೆ ಕೊಳ್ಳೋಕೆ ಎಲ್ಲರಿಗೂ ಆಗಲ್ಲ. ಎರಡೇ ಕೊಂಡರೆ ಎಲ್ಲಿ ಹಾಕಬೇಕು? ನೂರಕ್ಕೆ ತೊಂಬತ್ತು ಅಂಗಡಿಗಳಲ್ಲಿ "ಮುಂದಕ್ಕೆ" ಅಂತಾರೆ. ಎಂಜಿನ್ ಮುಂದಿದೆ, ಎಳೆಯೋದು ಮುಂದಿನ ಚಕ್ರ, ತಿರುಗೋದೂ ಅದೇ, ಹಾಗಾಗಿ ಹೊಸದು ಮುಂದಕ್ಕೆ. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ದೊಡ್ಡ ಟೈರ್ ಕಂಪನಿಗಳು ಹೇಳೋದೂ ಇದನ್ನೇ. ಯಾಕಂದ್ರೆ ಮುಂದಿನ ಚಕ್ರ ಜಾರಿದರೆ ಕಾರು ನೀವು ತಿರುಗಿಸಿದಷ್ಟು ತಿರುಗದೆ ನೇರಕ್ಕೆ ಹೋಗುತ್ತೆ. ಅದು ಕೈಗೆ ಗೊತ್ತಾಗುತ್ತೆ, ಆಕ್ಸಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹಿಡಿತ ವಾಪಸ್ ಬರುತ್ತೆ. ಹಿಂದಿನ ಚಕ್ರ ಜಾರಿದರೆ ಕಾರು ಬುಗುರಿಯ ಹಾಗೆ ತಿರುಗುತ್ತೆ. ಆಗ ಬ್ರೇಕ್ ಒತ್ತಿದರೆ, ಆಕ್ಸಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಇನ್ನಷ್ಟು ಹಗುರಾಗುತ್ತೆ. ಗಾಬರಿಯಲ್ಲಿ ಯಾರೇ ಆದರೂ ಮಾಡೋದು ಅದನ್ನೇ. ಶಿರಾಡಿಯಲ್ಲಿ ನಾನು ಮಾಡಿದ್ದೂ ಅದನ್ನೇ. ನಮ್ಮದು ಎಬಿಎಸ್ ಕಡ್ಡಾಯ ಆಗೋ ಮೊದಲಿನ ಕಾರು. ಹಿಂದಿನ ಸರ್ವಿಸ್‌ನಲ್ಲಿ ಟೈರ್ ಅದಲುಬದಲು ಮಾಡಿದಾಗ ಇದ್ದುದರಲ್ಲಿ ಒಳ್ಳೆಯವನ್ನು ಮುಂದಕ್ಕೆ ಹಾಕಿಸಿದ್ದು ಅಪ್ಪ. ಇದನ್ನು ಅವರಿಗೆ ಇನ್ನೂ ಹೇಳಿಲ್ಲ, ಇಲ್ಲಿ ಓದ್ತಾರೆ.

ಟೈರ್ ಸಿಡಿದು ಆದ ಅಪಘಾತಕ್ಕೆ "ದೇವರ ಇಚ್ಛೆ" ಅನ್ನೋ ಮಾತು ನಮ್ಮಲ್ಲಿ ಸಾಮಾನ್ಯ. 2010ರ ಒಂದು ಅಪಘಾತದ ಪರಿಹಾರದ ಪ್ರಕರಣದಲ್ಲಿ ವಿಮಾ ಕಂಪನಿಯೊಂದು ಇದೇ ವಾದವನ್ನು ನ್ಯಾಯಾಲಯದಲ್ಲಿ ಮುಂದಿಟ್ಟಿತ್ತು. ಬಾಂಬೆ ಹೈಕೋರ್ಟ್ 2023ರಲ್ಲಿ ಒಪ್ಪಲಿಲ್ಲ. ಟೈರ್ ಸಿಡಿಯೋದು ದೈವಕೃತ್ಯ ಅಲ್ಲ, ಮನುಷ್ಯರ ನಿರ್ಲಕ್ಷ್ಯ ಅಂದಿತು. ಟೈರ್ ನೋಡಿಕೊಳ್ಳೋದು ಕಾರು ಇಟ್ಟವರ ಜವಾಬ್ದಾರಿ ಅನ್ನೋದು ಈಗ ಕಾಗದದ ಮೇಲೂ ಇದೆ.

ಸ್ಟೆಪ್ನಿ ವಿಷಯದಲ್ಲಿ ಮಾತ್ರ ನಾನು ಸೋತೆ. "ಅದು ಒಂದು ದಿನಾನೂ ನೆಲ ಮುಟ್ಟಿಲ್ಲ, ಅದನ್ಯಾಕೆ ಬದಲಿಸ್ತೀಯ?" ಅಂತ ಅಪ್ಪ ಫೋನಿನಲ್ಲೇ ತಗಾದೆ ತೆಗೆದರು. ಅದಕ್ಕೂ ಅದೇ ವಯಸ್ಸು, ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕೂ ಅನ್ವಯಿಸುತ್ತೆ. ಆದರೆ ಆ ತಿಂಗಳು ಐದನೇ ಟೈರಿಗೆ ದುಡ್ಡಿರಲಿಲ್ಲ. ಡಿಕ್ಕಿಯಲ್ಲಿ ಅದೇ ಇದೆ, ಪಂಕ್ಚರ್ ಆದರೆ ಮುಂದಿನ ಅಂಗಡಿವರೆಗೆ ಐವತ್ತರ ಒಳಗೆ ಓಡಿಸಬೇಕು ಅಂತ ಅದರ ಮೇಲೆ ಮಾರ್ಕರಿನಲ್ಲಿ ಬರೆದಿದ್ದೀನಿ.

ಹಳೇ ನಾಲ್ಕಕ್ಕೆ ಅಂಗಡಿಯವರು ಒಂದಕ್ಕೆ ಮುನ್ನೂರರಂತೆ ಕೊಡ್ತೀವಿ ಅಂದರು. ಇವನ್ನು ಏನು ಮಾಡ್ತೀರಿ ಅಂತ ಕೇಳಿದೆ. ಬಳಸಿದ ಟೈರಿನ ಮರುಬಳಕೆ ತಯಾರಕರ ಹೊಣೆ ಅಂತ 2022ರಿಂದ ನಿಯಮ ಇದೆಯಲ್ಲ, ಆ ದಾರಿಯಲ್ಲಿ ಹೋಗುತ್ತೇನೋ ಅಂತ. ಕೆಲಸದ ಹುಡುಗ ನಕ್ಕ. "ಬಟನ್ ಇದೆಯಲ್ಲ ಅಕ್ಕ, ಪಾಲಿಶ್ ಹೊಡೆದರೆ ಯಾರಾದರೂ ಹಾಕ್ಕೊಂಡು ಹೋಗ್ತಾರೆ. ಸೆಕೆಂಡ್ಸ್‌ಗೆ ಸಾವಿರ ರೂಪಾಯಿ ಸಿಗುತ್ತೆ." ಸಾವಿರ ರೂಪಾಯಿಗೆ ಟೈರ್ ಹುಡುಕೋರು ಯಾರು ಅಂತ ಯೋಚಿಸಿದೆ. ಅವರೂ ಮಳೆಗಾಲದಲ್ಲಿ ಘಾಟಿ ಇಳೀತಾರೆ, ಅವರ ಹಿಂದಿನ ಸೀಟಿನಲ್ಲೂ ಯಾರೋ ಇರ್ತಾರೆ.

ಪಕ್ಕದ ಗೋಡೆ ಕತ್ತರಿಸಿ ಕೊಡ್ತೀರಾ ಅಂದೆ. ಹಾಗಾದರೆ ದುಡ್ಡು ಬರಲ್ಲ ಅಂದರು. ಸಾವಿರದಿನ್ನೂರು ರೂಪಾಯಿ. ಸ್ಟೆಪ್ನಿಗೆ ದುಡ್ಡಿಲ್ಲ ಅಂದ ದಿನವೇ. ಹುಡುಗ ಒಂದು ಚೂರಿ ತಂದು ನಾಲ್ಕನ್ನೂ ಸೀಳಿ ಮೂಲೆಗೆ ಎಸೆದ. ಮೂರನೆಯದನ್ನು ಸೀಳುವಾಗ "ರಬ್ಬರ್ ಕಲ್ಲಾಗಿದೆ ಅಕ್ಕ, ಚೂರಿ ಹೋಗ್ತಿಲ್ಲ" ಅಂದ.